ಹಗ್ಗದ ಇನ್ನೊಂದು ತುದಿ

(ಕಾನೂನು ಮತ್ತು ಪಶುವೈದ್ಯಕೀಯ ವಿದ್ಯಾರ್ಥಿಗಳ ಮುಂದೆ ಆಡಿದ ಮಾತುಗಳ ಬರಹ ರೂಪ. ಮಾತಿನ ಭರದಲ್ಲಿ ಬಿಟ್ಟುಹೋದ ಕೆಲವು ವಿವರಗಳನ್ನು ಬರೆಯುವಾಗ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಕೆಲವು ವರ್ಷಗಳ ಹಿಂದೆ ನನ್ನ ಮೇಜಿನ ಮೇಲೆ ಒಂದು ನಾಯಿಯನ್ನು ಮಲಗಿಸಿದರು. ಕೊರಳಿನ ಬೆಲ್ಟ್ ಬಿಗಿಯಾಗಿದೆ, ಬಿಚ್ಚೋಕೆ ಆಗ್ತಿಲ್ಲ ಎಂದರು ತಂದವರು. ನನಗೆ ಬೆಲ್ಟೇ ಕಾಣಲಿಲ್ಲ. ಕೂದಲು ಸರಿಸಿದಾಗ ಕೊರಳ ಸುತ್ತ ಒಂದು ಗೆರೆ ಕಂಡಿತು. ಗೆರೆಯೊಳಗೆ ಕೀವು, ಕೀವಿನ ಕೆಳಗೆ ನೈಲಾನ್ ಪಟ್ಟಿ. ಮರಿಯಾಗಿದ್ದಾಗ ಹಾಕಿದ ಬೆಲ್ಟ್ ಅದು. ನಾಯಿ ಬೆಳೆದಿತ್ತು, ಬೆಲ್ಟ್ ಹಾಗೇ ಇತ್ತು, ಕೊನೆಗೆ ಚರ್ಮ ಅದನ್ನು ನುಂಗಿಕೊಂಡಿತ್ತು. ಅರಿವಳಿಕೆ ಕೊಟ್ಟು ಬಿಡಿಸಿ ತೆಗೆಯಲು ಬಹಳ ಹೊತ್ತು ಹಿಡಿಯಿತು. ಆಮೇಲೆ ಮನೆಯವರು ನನ್ನ ಮುಖ ನೋಡಿ ಹೇಳಿದರು: "ನಾವು ಅದಕ್ಕೆ ಏನೂ ಮಾಡಿಲ್ಲ ಡಾಕ್ಟ್ರೇ. ಒಂದು ದಿನ ಕೈ ಎತ್ತಿದವರಲ್ಲ."

ಅವರು ಸುಳ್ಳು ಹೇಳಲಿಲ್ಲ. ನಿಜಕ್ಕೂ ಏನೂ ಮಾಡಿರಲಿಲ್ಲ. ತಿಂಗಳುಗಟ್ಟಲೆ ದಿನವೂ ಆ ನಾಯಿಯ ಪಕ್ಕದಲ್ಲೇ ಓಡಾಡಿದ್ದರು, ಒಂದು ಸಲವೂ ಬೆರಳು ತೂರಿಸಿ ನೋಡಿರಲಿಲ್ಲ. ಇದನ್ನು ಏನೆಂದು ಕರೆಯಬೇಕು? ಕ್ರೌರ್ಯ ಎಂದರೆ ಅವರಿಗೆ ನೋವಾಗುತ್ತದೆ, ಕ್ರೌರ್ಯ ಅಲ್ಲ ಎಂದರೆ ಆ ನಾಯಿಗೆ ಅನ್ಯಾಯವಾಗುತ್ತದೆ. ಈ ಇಕ್ಕಟ್ಟಿನಿಂದ ಹೊರಬರಲು ಕಾನೂನಿಗೆ ಇನ್ನೂರು ವರ್ಷ ಹಿಡಿಯಿತು, ಇನ್ನೂ ಪೂರ್ತಿ ಬಂದಿಲ್ಲ. ಇವತ್ತು ನಾನು ಹೇಳಬೇಕಾದದ್ದು ಅದರ ಬಗ್ಗೆಯೇ.

ಪ್ರಾಣಿಗಳ ಪರವಾದ ಹಳೆಯ ಕಾನೂನುಗಳನ್ನು ಓದಿದರೆ ಅವುಗಳ ಕಣ್ಣು ಎಲ್ಲಿತ್ತು ಎಂಬುದು ಗೊತ್ತಾಗುತ್ತದೆ. 1635ರಲ್ಲಿ ಐರ್ಲೆಂಡಿನಲ್ಲಿ ಒಂದು ಕಾಯ್ದೆ ಬಂತು: ಕುದುರೆಯ ಬಾಲಕ್ಕೆ ನೇಗಿಲು ಕಟ್ಟಿ ಉಳಬಾರದು, ಬದುಕಿರುವ ಕುರಿಯ ಉಣ್ಣೆಯನ್ನು ಕತ್ತರಿಸದೆ ಕಿತ್ತು ತೆಗೆಯಬಾರದು. 1822ರಲ್ಲಿ ಬ್ರಿಟನ್ನಿನ ಸಂಸತ್ತು ರಿಚರ್ಡ್ ಮಾರ್ಟಿನ್ ಅವರ ಮಸೂದೆಯನ್ನು ಒಪ್ಪಿತು. ಕುದುರೆ, ಕತ್ತೆ, ದನ, ಕುರಿಗಳನ್ನು ನಿಷ್ಕಾರಣವಾಗಿ, ಕ್ರೂರವಾಗಿ ಹೊಡೆದವರಿಗೆ, ಹಿಂಸಿಸಿದವರಿಗೆ ದಂಡ. ನಾಯಿಗೆ ಅದರಲ್ಲಿ ಜಾಗವಿರಲಿಲ್ಲ, ಅದು ಬಂದದ್ದು 1835ರ ಕಾಯ್ದೆಯಲ್ಲಿ. ಈ ಕಾಯ್ದೆಗಳ ಮುಂದೆ ನಾನು ತಲೆಬಾಗುತ್ತೇನೆ. ಸ್ವಂತ ಸೊತ್ತನ್ನು ಯಜಮಾನ ಏನು ಬೇಕಾದರೂ ಮಾಡಬಹುದು ಎಂದು ಎಲ್ಲರೂ ನಂಬಿದ್ದ ಕಾಲದಲ್ಲಿ, ಇಲ್ಲ, ಹಾಗೆ ಮಾಡುವಂತಿಲ್ಲ ಎಂದು ಹೇಳಲು ಎದೆಗಾರಿಕೆ ಬೇಕು. ಆದರೆ ಅವು ಹಿಡಿಯಲು ಹೊರಟದ್ದು ಮುಖ್ಯವಾಗಿ ಎತ್ತಿದ ಕೈಯನ್ನು, ಬೀಸಿದ ಚಾಟಿಯನ್ನು. ಅದಕ್ಕೆ ಕಾರಣವೂ ಇದೆ. ಹೊಡೆತಕ್ಕೆ ಸದ್ದಿರುತ್ತದೆ. ನಡುಬೀದಿಯಲ್ಲಿ ಬಿದ್ದ ಕುದುರೆಗೆ ಗಾಡಿಯವನು ಚಾಟಿ ಬೀಸಿದರೆ ಹತ್ತು ಜನ ನೋಡುತ್ತಾರೆ, ದಿನಾಂಕ, ಗಂಟೆ, ಸಾಕ್ಷಿ ಎಲ್ಲ ಸಿಗುತ್ತದೆ. ನೀರಿಲ್ಲದೆ ಗೋಡೆಯ ಹಿಂದೆ ನಿಂತ ಕುದುರೆಗೆ ಸದ್ದಿಲ್ಲ.

ಹಾಗಾದರೆ ನಿರ್ಲಕ್ಷ್ಯ ಎಂಬುದು ಕಾನೂನಿನೊಳಗೆ ಎಲ್ಲಿಂದ ನುಸುಳಿತು? ನನಗೆ ಬಹಳ ಇಷ್ಟವಾದ ಭಾಗ ಇದು. ಅದು ಬಂದದ್ದು ದೊಡ್ಡಿಯ ಬಾಗಿಲಿನಿಂದ. ಯಾರದೋ ಹೊಲಕ್ಕೆ ನುಗ್ಗಿದ ದನವನ್ನು ಹಿಡಿದು ದೊಡ್ಡಿಗೆ ಕೂಡುವ ಪದ್ಧತಿ ಇಂಗ್ಲೆಂಡಿನಲ್ಲೂ ಇತ್ತು, ಅಮೆರಿಕದಲ್ಲೂ ಇತ್ತು. ಕೂಡಿದವನಿಗೆ ಆ ದನ ತನ್ನದಲ್ಲ, ಯಾಕೆ ಮೇವು ಹಾಕಬೇಕು? ದನದ ಯಜಮಾನನಿಗೆ ದಂಡ ಕಟ್ಟಲು ಮನಸ್ಸಿಲ್ಲ. ಇಬ್ಬರ ಹಟದ ನಡುವೆ ದನ ಹಸಿದು ನಿಂತಿರುತ್ತದೆ. 1849ರ ಇಂಗ್ಲಿಷ್ ಕಾಯ್ದೆ ಇದನ್ನು ಬಿಡಿಸಿತು. ಕೂಡಿದವನೇ ಮೇವು, ನೀರು ಕೊಡಬೇಕು. ಸತತ 12 ಗಂಟೆ ಕೊಡದಿದ್ದರೆ ದಾರಿಯಲ್ಲಿ ಹೋಗುವ ಯಾರು ಬೇಕಾದರೂ ದೊಡ್ಡಿಯೊಳಗೆ ಹೋಗಿ ಮೇವು ಹಾಕಬಹುದು, ಅದು ಅತಿಕ್ರಮ ಪ್ರವೇಶವಾಗುವುದಿಲ್ಲ. ನ್ಯೂಯಾರ್ಕಿನ 1867ರ ಕಾಯ್ದೆಯಲ್ಲೂ ಇದೇ 12 ಗಂಟೆಯ ಮಾತಿದೆ. ಅದರ ಹಿಂದೆ ಇದ್ದವರು ಹಿಂದಿನ ವರ್ಷ ಅಲ್ಲಿ ಪ್ರಾಣಿದಯಾ ಸಂಘ ಕಟ್ಟಿದ್ದ ಹೆನ್ರಿ ಬರ್ಗ್.

ಆ 12 ಗಂಟೆಯ ಹಿಂದಿರುವ ತರ್ಕವನ್ನು ಸ್ವಲ್ಪ ಬಿಡಿಸಿ ನೋಡಬೇಕು. ಅಪರಾಧದ ಕಾನೂನು ಸಾಮಾನ್ಯವಾಗಿ ಮಾಡಿದ ಕೆಲಸಕ್ಕೆ ಶಿಕ್ಷೆ ಕೊಡುತ್ತದೆ. ಮಾಡದೆ ಬಿಟ್ಟ ಕೆಲಸವನ್ನು ಮುಟ್ಟಲು ಹಿಂಜರಿಯುತ್ತದೆ. ಆ ಹಿಂಜರಿಕೆ ಒಂದು ಮಟ್ಟಿಗೆ ಸರಿಯೇ. ಪ್ರಪಂಚದಲ್ಲಿ ಹಸಿದವರೆಲ್ಲರಿಗೂ ಊಟ ಹಾಕಲಿಲ್ಲ ಎಂದು ನನ್ನನ್ನು ಕಟಕಟೆಗೆ ನಿಲ್ಲಿಸಿದರೆ ಯಾರೂ ಉಳಿಯುವುದಿಲ್ಲ. ಕಾಡಿನಲ್ಲಿ ಬರಗಾಲಕ್ಕೆ ಒಂದು ಜಿಂಕೆ ಸತ್ತರೆ ಅದು ಯಾರ ಅಪರಾಧವೂ ಅಲ್ಲ. ಆದರೆ ಅದೇ ಜಿಂಕೆಯನ್ನು ತಂದು ಗೂಟಕ್ಕೆ ಕಟ್ಟಿ. ಈಗ ಅದು ನೀರು ಹುಡುಕಿಕೊಂಡು ಹೋಗಲಾರದು, ಬಿಸಿಲಿನಿಂದ ನೆರಳಿಗೆ ಸರಿಯಲಾರದು, ಜೊತೆಯ ಪ್ರಾಣಿಯ ಮೈಗೆ ಮೈ ತಾಗಿಸಿ ಚಳಿ ಕಳೆಯಲಾರದು. ಅದರ ಎಲ್ಲ ದಾರಿಗಳನ್ನೂ ಒಂದು ಹಗ್ಗದಿಂದ ಮುಚ್ಚಿದ್ದೀರಿ. ಹಗ್ಗದ ಒಂದು ತುದಿ ಪ್ರಾಣಿಯ ಕೊರಳಲ್ಲಿದ್ದರೆ ಇನ್ನೊಂದು ತುದಿ ಕಟ್ಟಿದವರ ಕೈಯಲ್ಲಿರುತ್ತದೆ. ಕಟ್ಟಿದ ಗಳಿಗೆಯಿಂದಲೇ ಹೊಣೆ ಶುರು. ಪ್ರೀತಿಯಿಂದ ಕಟ್ಟಿದರೋ ಲಾಭಕ್ಕೆ ಕಟ್ಟಿದರೋ ಎಂಬುದು ಇಲ್ಲಿ ಲೆಕ್ಕಕ್ಕೆ ಬರುವುದಿಲ್ಲ. ಪಂಜರ, ತೊಟ್ಟಿ, ಕೊಟ್ಟಿಗೆ, ಬೀಗ ಹಾಕಿದ ಫ್ಲ್ಯಾಟು, ಓಡುವ ರೈಲಿನ ಡಬ್ಬಿ, ಎಲ್ಲವೂ ಹಗ್ಗವೇ. ರೈಲಿನ ಮಾತು ಬಂತೆಂದು ಹೇಳುತ್ತೇನೆ: 1873ರಲ್ಲಿ ಅಮೆರಿಕ ಒಂದು ಕಾಯ್ದೆ ಮಾಡಿ, ಜಾನುವಾರುಗಳನ್ನು 28 ಗಂಟೆಗಿಂತ ಹೆಚ್ಚು ಹೊತ್ತು ಇಳಿಸದೆ ಸಾಗಿಸುವಂತಿಲ್ಲ, ಇಳಿಸಿ ಮೇವು, ನೀರು, 5 ಗಂಟೆ ವಿಶ್ರಾಂತಿ ಕೊಡಬೇಕು ಎಂದಿತು. 28 ಗಂಟೆ ಎಂಬುದು ಈಗ ಓದಿದರೆ ಎದೆ ನಡುಗುವಷ್ಟು ದೀರ್ಘ. ಅಷ್ಟಕ್ಕೂ ಒಂದು ಕಾನೂನು ಬೇಕಾಯಿತು ಎಂದರೆ ಅದಕ್ಕೆ ಮೊದಲಿನ ಪರಿಸ್ಥಿತಿ ಹೇಗಿತ್ತು ಎಂದು ಊಹಿಸಿಕೊಳ್ಳಿ.

ಇದಕ್ಕೂ ಎಷ್ಟೋ ಹಿಂದೆ, ಕ್ರಿಸ್ತಪೂರ್ವ 3ನೇ ಶತಮಾನದಲ್ಲಿ, ಅಶೋಕನ ಎರಡು ಶಾಸನಗಳಿವೆ. ಐದನೆಯ ಸ್ತಂಭಶಾಸನ ಇಂತಿಂಥ ಪ್ರಾಣಿಗಳನ್ನು ಕೊಲ್ಲಬಾರದು ಎಂದು ಪಟ್ಟಿ ಕೊಡುತ್ತದೆ. ಎರಡನೆಯ ಬಂಡೆಶಾಸನ ಬೇರೆ ಮಾತು ಹೇಳುತ್ತದೆ: ಮನುಷ್ಯರಿಗೂ ಪ್ರಾಣಿಗಳಿಗೂ ಚಿಕಿತ್ಸೆಯ ಏರ್ಪಾಡು ಮಾಡಿದೆ, ಔಷಧಿಯ ಗಿಡಗಳು ಇಲ್ಲದ ಕಡೆ ತರಿಸಿ ನೆಡಿಸಿದೆ, ದಾರಿಯಲ್ಲಿ ಬಾವಿ ತೋಡಿಸಿದೆ. ಒಂದು 'ಬೇಡ' ಎನ್ನುವ ಶಾಸನ, ಇನ್ನೊಂದು 'ಕೊಡು' ಎನ್ನುವ ಶಾಸನ. ನಮ್ಮ ಕಾಲದ ಕಾನೂನುಗಳು ಮೊದಲನೆಯದನ್ನು ಬೇಗ ಕಲಿತವು. ಎರಡನೆಯದಕ್ಕೆ ಬಹಳ ತಡವಾಯಿತು.

ಭಾರತದ 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯನ್ನೇ ತೆಗೆದುಕೊಳ್ಳಿ. ಇದು 1890ರ ಹಳೆಯ ಕಾಯ್ದೆಯ ಜಾಗಕ್ಕೆ ಬಂತು. ರಾಜ್ಯಸಭೆಯಲ್ಲಿ ಖಾಸಗಿ ಮಸೂದೆ ತಂದು ಇದಕ್ಕೆ ದಾರಿ ಮಾಡಿದವರು ರುಕ್ಮಿಣಿ ದೇವಿ ಅರುಂಡೇಲ್. ಅದರ 3ನೇ ಸೆಕ್ಷನ್ ಅನ್ನು ನಾನು ವಿದ್ಯಾರ್ಥಿಗಳಿಗೆ ಬಾಯಿಪಾಠ ಮಾಡಿಸುತ್ತೇನೆ: ಪ್ರಾಣಿ ಯಾರ ಸುಪರ್ದಿನಲ್ಲಿದೆಯೋ ಅವರು ಅದರ ಯೋಗಕ್ಷೇಮಕ್ಕೆ ಬೇಕಾದ ಎಲ್ಲ ಯುಕ್ತ ಕ್ರಮಗಳನ್ನು ತೆಗೆದುಕೊಳ್ಳುವುದು ಕರ್ತವ್ಯ. ನೋಡಿ, 'ಕೊಡು' ಎನ್ನುವ ಭಾಷೆ ಆಗಲೇ ಬಂದಿದೆ. 11ನೇ ಸೆಕ್ಷನ್ನಿನಲ್ಲಿ ಹೊಡೆಯುವುದರ ಜೊತೆಗೆ, ಸಾಕಷ್ಟು ಆಹಾರ, ನೀರು, ನೆಲೆ ಕೊಡದಿರುವುದು, ವಿಪರೀತ ಗಿಡ್ಡ ಅಥವಾ ಭಾರದ ಚೈನಿನಲ್ಲಿ ಬಹಳ ಹೊತ್ತು ಕಟ್ಟಿಡುವುದು, ಸದಾ ಕಟ್ಟಿಯೇ ಇಟ್ಟ ನಾಯಿಯನ್ನು ಓಡಾಡಿಸದಿರುವುದು, ಹಸಿವು ನೀರಡಿಕೆಗಳಿಂದ ನರಳುವಂತೆ ಬಿಟ್ಟುಹೋಗುವುದು, ಇವೆಲ್ಲ ಅಪರಾಧಗಳೆಂದು ಬರೆದಿದೆ. ಬರೆದವರ ಕಣ್ಣು ಚುರುಕಾಗಿತ್ತು. 2014ರಲ್ಲಿ ಸುಪ್ರೀಂ ಕೋರ್ಟ್, ಜಲ್ಲಿಕಟ್ಟಿಗೆ ಸಂಬಂಧಿಸಿದ ನಾಗರಾಜ ಪ್ರಕರಣದ ತೀರ್ಪಿನಲ್ಲಿ, ಈ ಎರಡು ಸೆಕ್ಷನ್‌ಗಳೊಳಗೆ ಪ್ರಾಣಿಗಳ ಐದು ಸ್ವಾತಂತ್ರ್ಯಗಳನ್ನು ಸೇರಿಸಿ ಓದಿತು.

ಆದರೆ ಹಲ್ಲು? ಅದೇ 11ನೇ ಸೆಕ್ಷನ್ನಿನಲ್ಲಿ ಮೊದಲ ಅಪರಾಧಕ್ಕೆ ದಂಡ 10ರಿಂದ 50 ರೂಪಾಯಿ. 1960ರಲ್ಲಿ ಅದಕ್ಕೊಂದು ತೂಕವಿತ್ತು. 3ನೇ ಸೆಕ್ಷನ್ನಿನ ಸುಂದರ ಕರ್ತವ್ಯವನ್ನು ಮೀರಿದರೆ ಏನು ಶಿಕ್ಷೆ ಎಂದು ಹುಡುಕಿದರೆ, ನೇರವಾಗಿ ಏನೂ ಇಲ್ಲ. ನನ್ನನ್ನು ಇನ್ನೂ ಹೆಚ್ಚು ಕಾಡುವುದು 36ನೇ ಸೆಕ್ಷನ್: ಅಪರಾಧ ನಡೆದ 3 ತಿಂಗಳೊಳಗೆ ಮೊಕದ್ದಮೆ ಹೂಡಬೇಕು. ಚಾಟಿ ಏಟಿಗೆ 3 ತಿಂಗಳು ಧಾರಾಳ. ನಿರ್ಲಕ್ಷ್ಯವಾದರೋ ಹೊರಗಿನವರ ಕಣ್ಣಿಗೆ ಬೀಳಲಿಕ್ಕೇ ಎಷ್ಟೋ ಸಲ ಅಷ್ಟು ಕಾಲ ಬೇಕು.

ಐದು ಸ್ವಾತಂತ್ರ್ಯಗಳು ಎಂದೆ. ಅದರ ಮೂಲ ಬ್ರಿಟನ್ನಿನ 1965ರ ಬ್ರ್ಯಾಂಬೆಲ್ ಸಮಿತಿಯ ವರದಿ. ಇಕ್ಕಟ್ಟಾದ ಗೂಡುಗಳಲ್ಲಿ ಸಾಕುವ ಪ್ರಾಣಿಗಳ ಬಗ್ಗೆ ಆ ಸಮಿತಿ ಕೇಳಿದ್ದು ಬಹಳ ಸಣ್ಣದು: ಎದ್ದು ನಿಲ್ಲಲು, ಮಲಗಲು, ತಿರುಗಲು, ಮೈ ಶುಚಿ ಮಾಡಿಕೊಳ್ಳಲು, ಕೈಕಾಲು ಚಾಚಲು ಜಾಗ ಇರಲಿ. 1979ರಲ್ಲಿ ಅದು ಬೆಳೆದು ಈಗಿನ ರೂಪ ಪಡೆಯಿತು: ಹಸಿವು ನೀರಡಿಕೆಯಿಲ್ಲದಿರುವುದು, ಮೈಗೆ ಅನನುಕೂಲವಿಲ್ಲದಿರುವುದು, ನೋವು, ಗಾಯ, ರೋಗಗಳಿಲ್ಲದಿರುವುದು, ತನ್ನ ಸಹಜ ವರ್ತನೆಗೆ ಅವಕಾಶ, ಭಯ ಮತ್ತು ಸಂಕಟವಿಲ್ಲದಿರುವುದು. ಈ ಪಟ್ಟಿ ಬಂದ ಮೇಲೆ ಪ್ರಶ್ನೆಯೇ ಬದಲಾಯಿತು. "ನೀನು ಪ್ರಾಣಿಗೆ ಏನು ಮಾಡಿದೆ?" ಎಂದು ಕೇಳುತ್ತಿದ್ದ ಕಾನೂನು "ಪ್ರಾಣಿ ಈಗ ಹೇಗಿದೆ?" ಎಂದು ಕೇಳಲು ಕಲಿಯಿತು.

ಆ ಪ್ರಶ್ನೆಯನ್ನು ಪೂರ್ತಿಯಾಗಿ ಕಾನೂನಿನ ಭಾಷೆಗೆ ಇಳಿಸಿದ್ದು ಇಂಗ್ಲೆಂಡ್ ಮತ್ತು ವೇಲ್ಸ್‌ನ 2006ರ ಪ್ರಾಣಿಕಲ್ಯಾಣ ಕಾಯ್ದೆ ಎಂಬುದು ನನ್ನ ಅಭಿಪ್ರಾಯ. ಅಲ್ಲಿ ಎರಡು ಹಂತಗಳಿವೆ. 4ನೇ ಸೆಕ್ಷನ್ ಅನಗತ್ಯ ನೋವುಂಟುಮಾಡುವುದಕ್ಕೆ. ಅದರಲ್ಲಿ ಮಾಡಿದ ಕೆಲಸ ಮತ್ತು ಮಾಡದೆ ಬಿಟ್ಟ ಕೆಲಸ ಎರಡೂ ಒಂದೇ ಸಾಲಿನಲ್ಲಿ ನಿಲ್ಲುತ್ತವೆ. "ನನಗೆ ಗೊತ್ತಿರಲಿಲ್ಲ" ಎನ್ನುವುದಕ್ಕೆ ಅಲ್ಲಿ ಉತ್ತರವಿದೆ: ಗೊತ್ತಿತ್ತೋ, ಇಲ್ಲವೇ ಗೊತ್ತಿರಬೇಕಾಗಿತ್ತೋ ಎಂದು ನ್ಯಾಯಾಲಯ ಕೇಳುತ್ತದೆ. ಬೆಲ್ಟಿನ ಕೆಳಗೆ ಬೆರಳು ತೂರಿಸಿ ನೋಡದವರಿಗೆ ಗೊತ್ತಿರಲಿಲ್ಲ ನಿಜ, ಗೊತ್ತಿರಬೇಕಾಗಿತ್ತು. 9ನೇ ಸೆಕ್ಷನ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ಪ್ರಾಣಿ ನರಳುವವರೆಗೆ ಕಾಯಬೇಕಾಗಿಲ್ಲ. ತಕ್ಕ ನೆಲೆ, ತಕ್ಕ ಆಹಾರ, ಸಹಜ ವರ್ತನೆಗೆ ಅವಕಾಶ, ಬೇಕಾದ ಜೊತೆ ಅಥವಾ ಬೇಕಾದ ಏಕಾಂತ, ನೋವು ರೋಗಗಳಿಂದ ರಕ್ಷಣೆ, ಇವುಗಳಿಗೆ ಯುಕ್ತ ಕ್ರಮ ತೆಗೆದುಕೊಳ್ಳದಿದ್ದರೆ ಅದೇ ಅಪರಾಧ. ಅದಕ್ಕೂ ಮೊದಲು, 10ನೇ ಸೆಕ್ಷನ್ನಿನ ಪ್ರಕಾರ ಅಧಿಕಾರಿ ಒಂದು ನೋಟಿಸ್ ಕೊಡಬಹುದು: ಇಂತಿಂಥದ್ದು ಸರಿಯಿಲ್ಲ, ಹೀಗೆ ಸರಿಪಡಿಸಿ, ಇಷ್ಟು ದಿನದೊಳಗೆ. ಈ ನೋಟಿಸ್ ಎಂಬ ಸಾಧಾರಣ ಕಾಗದದಿಂದ ಉಳಿಯುವ ಪ್ರಾಣಿಗಳ ಸಂಖ್ಯೆ ಜೈಲುಶಿಕ್ಷೆಯಿಂದ ಉಳಿಯುವುದಕ್ಕಿಂತ ಹೆಚ್ಚು ಎಂದು ನಾನು ನಂಬಿದ್ದೇನೆ.

ಜೊತೆ ಎಂದೆನಲ್ಲ, ಅದನ್ನು ಗಂಭೀರವಾಗಿ ತೆಗೆದುಕೊಂಡ ದೇಶ ಸ್ವಿಟ್ಜರ್ಲೆಂಡ್. ಅದರ 2008ರ ನಿಯಮಗಳ ಪ್ರಕಾರ ಗುಂಪಾಗಿ ಬದುಕುವ ಜಾತಿಯ ಪ್ರಾಣಿಗಳನ್ನು, ಉದಾಹರಣೆಗೆ ಗಿನಿಪಿಗ್ ಅನ್ನು, ಒಂಟಿಯಾಗಿ ಸಾಕುವಂತಿಲ್ಲ. ಮೊದಲ ಸಲ ಇದನ್ನು ಓದಿದಾಗ ನಾನು ಪುಸ್ತಕ ಮುಚ್ಚಿಟ್ಟು ಸುಮ್ಮನೆ ಕುಳಿತಿದ್ದೆ. ಹೊಟ್ಟೆ ತುಂಬ ತಿಂದು, ಗಾಯವಿಲ್ಲದೆ, ಶುಚಿಯಾದ ಪಂಜರದಲ್ಲಿರುವ ಪ್ರಾಣಿಯ ಒಂಟಿತನವನ್ನೂ ಒಂದು ಕಾನೂನು ನಿರ್ಲಕ್ಷ್ಯ ಎಂದು ಗುರುತಿಸಬಲ್ಲದು!

ಈಗ ನನ್ನ ಕಸುಬಿನ ಕಡೆಗೆ ಬರುತ್ತೇನೆ. ನಿರ್ಲಕ್ಷ್ಯದ ಪ್ರಕರಣದಲ್ಲಿ ಸಾಕ್ಷಿ ಯಾರು? ಪ್ರಾಣಿಗೆ ಮಾತಿಲ್ಲ, ನೆರೆಯವರು ಬಾಯಿ ಬಿಡುವುದಿಲ್ಲ. ಆದರೆ ದೇಹ ಲೆಕ್ಕ ಬರೆದಿಟ್ಟುಕೊಂಡಿರುತ್ತದೆ. ಒಂದು ಸಲ ಕುದುರೆಯೊಂದರ ವಿಷಯದಲ್ಲಿ ನಾನು ಸಾಕ್ಷಿ ಹೇಳಬೇಕಾಯಿತು. ಪಾಟೀಸವಾಲಿನಲ್ಲಿ ವಕೀಲರು ಕೇಳಿದರು: "ಈ ಅಪರಾಧ ಯಾವ ದಿನ ನಡೆಯಿತು, ಹೇಳಬಲ್ಲಿರಾ?" ಒಳ್ಳೆಯ ಪ್ರಶ್ನೆ. ನಾನು ಗೊರಸಿನ ಫೋಟೋ ತೋರಿಸಿದೆ. ಕುದುರೆಯ ಗೊರಸು ತಿಂಗಳಿಗೆ ಸುಮಾರು 1 ಸೆಂಟಿಮೀಟರ್ ಬೆಳೆಯುತ್ತದೆ, ಆರೆಂಟು ವಾರಕ್ಕೊಮ್ಮೆ ಕತ್ತರಿಸಬೇಕು. ಈ ಕುದುರೆಯ ಗೊರಸು ಚಪ್ಪಲಿಯ ತುದಿಯ ಹಾಗೆ ಮೇಲಕ್ಕೆ ಬಾಗಿತ್ತು. ಎಷ್ಟು ತಿಂಗಳಿಂದ ಯಾರೂ ಆ ಕಾಲನ್ನು ಕೈಗೆತ್ತಿಕೊಂಡಿಲ್ಲ ಎಂದು ಗೊರಸೇ ಹೇಳುತ್ತಿತ್ತು. ಅಪರಾಧಕ್ಕೆ ಒಂದು ದಿನ ಇರಲಿಲ್ಲ. ಅಷ್ಟೂ ದಿನಗಳಿದ್ದವು.

ಹಸಿವೂ ಹೀಗೆಯೇ ಗುರುತು ಬಿಡುತ್ತದೆ. ಆಹಾರ ಸಿಗದ ದೇಹ ಮೊದಲು ಚರ್ಮದಡಿಯ ಕೊಬ್ಬನ್ನು ಕರಗಿಸುತ್ತದೆ, ಆಮೇಲೆ ಹೊಟ್ಟೆಯೊಳಗಿನದು, ಮೂತ್ರಪಿಂಡ ಮತ್ತು ಹೃದಯದ ಸುತ್ತಲಿನದು. ಎಲ್ಲಕ್ಕಿಂತ ಕೊನೆಗೆ ಮೂಳೆಯೊಳಗಿನ ಮಜ್ಜೆ. ಸತ್ತ ಪ್ರಾಣಿಯ ತೊಡೆಮೂಳೆ ಸೀಳಿದಾಗ ಕೊಬ್ಬು ತುಂಬಿರಬೇಕಾದ ಮಜ್ಜೆ ಕೆಂಪಗೆ, ಲೋಳೆಯಂತೆ ಕಂಡರೆ, ಆ ದೇಹ ತನ್ನ ಕಟ್ಟಕಡೆಯ ದಾಸ್ತಾನನ್ನೂ ಖರ್ಚು ಮಾಡಿತ್ತು ಎಂದರ್ಥ. ಕಾಯಿಲೆಯಿಂದಲೂ ಹೀಗಾಗಬಹುದು, ಆದ್ದರಿಂದ ಮರಣೋತ್ತರ ಪರೀಕ್ಷೆಯಲ್ಲಿ ಹಲ್ಲು, ಕರುಳು, ಹುಳು ಎಲ್ಲವನ್ನೂ ನೋಡಿ ಬೇರೆ ಕಾರಣಗಳನ್ನು ಒಂದೊಂದಾಗಿ ತಳ್ಳಿಹಾಕಬೇಕು. ಬದುಕಿರುವ ಪ್ರಾಣಿಗೆ ಮೈಕಟ್ಟಿನ ಅಂಕಗಳಿವೆ. ನಾಯಿಗೆ 1ರಿಂದ 9. ನಾಲ್ಕೈದು ಇದ್ದರೆ ಸರಿ, 1 ಎಂದರೆ ಪಕ್ಕೆಲುಬು, ಬೆನ್ನುಮೂಳೆ, ಸೊಂಟದ ಮೂಳೆಗಳು ದೂರದಿಂದಲೇ ಎಣಿಸುವಂತಿವೆ ಎಂದು. "ಬಹಳ ಬಡಕಲಾಗಿತ್ತು" ಎಂದು ಬರೆದ ವರದಿ ಕೋರ್ಟಿನಲ್ಲಿ ನಿಲ್ಲುವುದಿಲ್ಲ. ಅಂಕ, ತೂಕ, ದಿನಾಂಕವಿರುವ ಫೋಟೋ ಬರೆದ ವರದಿ ನಿಲ್ಲುತ್ತದೆ. ಇಲ್ಲಿ ಕುಳಿತಿರುವ ಪಶುವೈದ್ಯ ವಿದ್ಯಾರ್ಥಿಗಳು ದಯವಿಟ್ಟು ಇದನ್ನು ನೆನಪಿಡಿ, ನೀವು ಬರೆಯದೆ ಬಿಟ್ಟ ಒಂದು ಅಂಕದಿಂದ ಒಂದು ಪ್ರಕರಣ ಬಿದ್ದುಹೋಗಬಹುದು.

ಎಲ್ಲ ನಿರ್ಲಕ್ಷ್ಯವೂ ಒಂದೇ ಬಗೆಯದಲ್ಲ. ಕೈಯಲ್ಲಿ ಕಾಸಿಲ್ಲದೆ ಚಿಕಿತ್ಸೆ ಕೊಡಿಸಲಾಗದ ಮುದುಕ, ತನ್ನ ಊಟದಲ್ಲೇ ಪಾಲು ಕೊಟ್ಟು ನಾಯಿಯನ್ನು ಉಳಿಸಿಕೊಂಡವನು, ನನ್ನ ಮುಂದೆ ಎಷ್ಟೋ ಸಲ ನಿಂತಿದ್ದಾನೆ. ಅವನಿಗೂ, ತೋಟದ ಮನೆಗೆ ಬೀಗ ಹಾಕಿ ನಾಯಿಯನ್ನು ಕಟ್ಟಿಯೇ ಬಿಟ್ಟು ಪ್ರವಾಸ ಹೋದವನಿಗೂ ಒಂದೇ ಕಲಂ ಹಾಕಿದರೆ ಅದು ನ್ಯಾಯವಲ್ಲ. ಮೊದಲನೆಯವನಿಗೆ ಔಷಧಿ ಕೊಡಿ, ಎರಡನೆಯವನಿಗೆ ಸಮನ್ಸ್ ಕೊಡಿ. ಮೂರನೆಯ ಬಗೆಯವರೂ ಇದ್ದಾರೆ. ಒಂದರ ಮೇಲೊಂದು ತಂದು ಐವತ್ತು, ಅರವತ್ತು ಬೆಕ್ಕುಗಳನ್ನು ಒಂದೇ ಮನೆಯಲ್ಲಿ ತುಂಬಿಕೊಂಡು, ಅವು ಕಣ್ಣೆದುರೇ ಸಾಯುತ್ತಿದ್ದರೂ ತಾನು ಅವನ್ನು ಉಳಿಸುತ್ತಿದ್ದೇನೆ ಎಂದು ಮನಸಾರೆ ನಂಬಿರುವವರು. ಅಮೆರಿಕದ ಇಲಿನಾಯ್ ರಾಜ್ಯ 2001ರಲ್ಲೇ ಇಂಥವರನ್ನು ಕಾನೂನಿನಲ್ಲಿ ಬೇರೆಯಾಗಿ ಗುರುತಿಸಿತು. ಶಿಕ್ಷೆಯ ಜೊತೆ ಮಾನಸಿಕ ಪರೀಕ್ಷೆಯ ದಾರಿಯನ್ನೂ ಇಟ್ಟಿತು. ಬೆಕ್ಕುಗಳನ್ನು ಕಿತ್ತುಕೊಂಡು ಆ ವ್ಯಕ್ತಿಯನ್ನು ಹಾಗೇ ಬಿಟ್ಟರೆ ಮತ್ತೆ ಮನೆ ತುಂಬುತ್ತದೆ, ಇದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಶಿಕ್ಷೆಯ ಪ್ರಮಾಣದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಬ್ರಿಟನ್ 2021ರಲ್ಲಿ 4ನೇ ಸೆಕ್ಷನ್ನಿನ ಗರಿಷ್ಠ ಸಜೆಯನ್ನು 6 ತಿಂಗಳಿಂದ 5 ವರ್ಷಕ್ಕೆ ಏರಿಸಿತು. ಒಳ್ಳೆಯದೇ. ಆದರೆ ನನಗೆ ಅದಕ್ಕಿಂತ ಮುಖ್ಯ ಎನಿಸುವುದು ಇಂಥವರು ಮುಂದೆ ಪ್ರಾಣಿ ಸಾಕುವಂತಿಲ್ಲ ಎಂಬ ಆದೇಶ. ಸಜೆ ಮುಗಿಸಿ ಬಂದವನು ಮರುದಿನವೇ ಹೊಸ ಮರಿ ತಂದು ಅದೇ ಗೂಟಕ್ಕೆ ಕಟ್ಟಿದರೆ ಆ ಸಜೆಯಿಂದ ಯಾರಿಗೆ ಏನು ಸಿಕ್ಕಿತು?

ಇನ್ನೊಂದು ಸಂಗತಿ ಹೇಳಿ ಪ್ರಶ್ನೆಗಳಿಗೆ ಬರುತ್ತೇನೆ. 1874ರಲ್ಲಿ ನ್ಯೂಯಾರ್ಕಿನಲ್ಲಿ ಸಾಕುಮನೆಯವರ ಕೈಯಲ್ಲಿ ನರಳುತ್ತಿದ್ದ ಮೇರಿ ಎಲೆನ್ ಎಂಬ ಪುಟ್ಟ ಹುಡುಗಿಯನ್ನು ಬಿಡಿಸಲು ದಾರಿ ಕಾಣದೆ ಎಟ್ಟಾ ವೀಲರ್ ಎಂಬಾಕೆ ಹೋದದ್ದು ಪ್ರಾಣಿದಯಾ ಸಂಘದ ಅದೇ ಹೆನ್ರಿ ಬರ್ಗ್ ಹತ್ತಿರ. ಮಕ್ಕಳ ರಕ್ಷಣೆಗೆಂದೇ ಸಂಘ ಹುಟ್ಟಿದ್ದು ಆ ಪ್ರಕರಣದ ನಂತರ. ಬೇರೊಬ್ಬರ ಮನೆಯ ಬಾಗಿಲ ಹಿಂದೆ, ದೂರು ಕೊಡಲಾಗದೆ, ಬಿಟ್ಟು ಓಡಲಾಗದೆ ಇರುವ ಜೀವಕ್ಕೆ ಏನಾಗುತ್ತದೆ ಎಂಬುದು ಪ್ರಾಣಿಗಳ ನಡುವೆ ಕೆಲಸ ಮಾಡಿದವರಿಗೆ ಗೊತ್ತಿತ್ತು.

ಸಭೆಯಲ್ಲಿ ಒಬ್ಬರು ಕೇಳಿದರು: ಪಕ್ಕದ ಮನೆಯಲ್ಲಿ ಇಂಥದ್ದು ಕಂಡರೆ ಮೊದಲು ಏನು ಮಾಡಬೇಕು? ಜಗಳಕ್ಕೆ ನಿಲ್ಲಬೇಡಿ. ಒಂದು ಪುಸ್ತಕ ಇಟ್ಟುಕೊಳ್ಳಿ. ಯಾವ ದಿನ, ಎಷ್ಟು ಗಂಟೆಗೆ, ನೀರಿನ ಬಟ್ಟಲು ತುಂಬಿತ್ತೋ ಒಣಗಿತ್ತೋ, ನೆರಳಿತ್ತೋ ಇಲ್ಲವೋ ಬರೆಯಿರಿ. ನಿಮ್ಮ ಜಾಗದಲ್ಲೇ ನಿಂತು ಫೋಟೋ ತೆಗೆಯಿರಿ. ಒಂದು ಫೋಟೋ ಒಂದು ಗಳಿಗೆಯದು, ಹತ್ತು ದಿನದ ಹತ್ತು ಫೋಟೋ ನಿರ್ಲಕ್ಷ್ಯದ ಸಾಕ್ಷಿ. ಸಾಧ್ಯವಿದ್ದರೆ ಮನೆಯವರನ್ನು ಒಮ್ಮೆ ಮಾತಾಡಿಸಿ, ಕೆಲವರು ನಿಜಕ್ಕೂ ಕಷ್ಟದಲ್ಲಿರುತ್ತಾರೆ. ಆಮೇಲೆ ಲಿಖಿತ ದೂರು ಕೊಟ್ಟು, ಅದರ ನಕಲು ಇಟ್ಟುಕೊಳ್ಳಿ. ಪ್ರಾಣಿಯ ಜೀವವೇ ಹೋಗುವಂತಿದ್ದರೆ ಮಾತ್ರ ಇದಾವುದಕ್ಕೂ ಕಾಯದೆ ತಕ್ಷಣ ಪೊಲೀಸರಿಗೆ, ಪಶುವೈದ್ಯರಿಗೆ ತಿಳಿಸಿ.

ಕೊನೆಯ ಪ್ರಶ್ನೆ ಹಿಂದಿನ ಸಾಲಿನಲ್ಲಿದ್ದ ಹುಡುಗಿಯದು: ಬಹಳ ದಿನ ಹಸಿದ ಪ್ರಾಣಿ ಕೈಗೆ ಸಿಕ್ಕಿದರೆ ಹೊಟ್ಟೆ ತುಂಬ ಹಾಕಬಹುದಾ ಸರ್? ಇಲ್ಲಮ್ಮ, ಹಾಕಬೇಡ. ಅದು ಬಟ್ಟಲು ನೆಕ್ಕುತ್ತಾ ನಿನ್ನ ಮುಖ ನೋಡುತ್ತದೆ, ಕರುಳು ಚುರ್ ಎನ್ನುತ್ತದೆ, ಆದರೂ ಹಾಕಬೇಡ. ಉಪವಾಸವಿದ್ದ ದೇಹಕ್ಕೆ ಒಮ್ಮೆಲೇ ಆಹಾರ ಹೋದರೆ ರಕ್ತದಲ್ಲಿನ ಫಾಸ್ಫೇಟ್, ಪೊಟ್ಯಾಸಿಯಂ ದಿಢೀರನೆ ಕುಸಿದು ಹೃದಯ ನಿಲ್ಲಬಹುದು. ಉಳಿಸಲು ಹೋದ ಕೈಯಲ್ಲೇ ಸಾಯುತ್ತದೆ. ಪಶುವೈದ್ಯರಿಗೆ ತೋರಿಸಿ, ತೂಕ ಬರೆದುಕೊಂಡು, ಸ್ವಲ್ಪ ಸ್ವಲ್ಪವೇ, ದಿನಕ್ಕೆ ಹಲವು ಸಲ ಕೊಡಬೇಕು, ದಿನದಿಂದ ದಿನಕ್ಕೆ ಪ್ರಮಾಣ ಏರಿಸುತ್ತಾ ಹೋಗಬೇಕು. ರಾತ್ರಿಯೂ ಎದ್ದು ನೋಡಬೇಕಾಗುತ್ತದೆ.